ಎರಡು ಸಲ ತಿರುಗಿದ ಮುಖ

ತಮ್ಮ: ಅಕ್ಕ, ಈ ಪುಸ್ತಕದಲ್ಲಿ ಚಿತ್ರದ ಕೆಳಗೆ ‘ಪುರುಷನ ಭಾವಚಿತ್ರ, 1919’ ಅಂತಷ್ಟೇ ಹಾಕಿದ್ದಾರೆ. ನೀನು ನೋಡಿದರೆ ಇದು ಜರ್ಮನ್ ಕಲಾವಿದ ಎರಿಶ್ ಹೆಕೆಲ್ ತನ್ನ ಮುಖವನ್ನೇ ಕೆತ್ತಿಕೊಂಡದ್ದು ಅನ್ನುತ್ತೀಯ.

ಅಕ್ಕ: ಅವನೇ. ಹೆಕೆಲ್‌ನ ಫೋಟೋಗಳಿವೆ, ಅವನು ಬೇರೆ ಬೇರೆ ವರ್ಷಗಳಲ್ಲಿ ಮಾಡಿಕೊಂಡ ಸ್ವಚಿತ್ರಗಳಿವೆ. ಇದೇ ಉದ್ದ ಮುಖ, ಇದೇ ಎತ್ತರದ ಹಣೆ. ಕಲಾ ಇತಿಹಾಸ ಬರೆಯುವವರು ಇದನ್ನು ಅವನ ಸ್ವಚಿತ್ರ ಅಂತಲೇ ನೋಡುತ್ತಾ ಬಂದಿದ್ದಾರೆ. ಹೆಸರಿಡುವಾಗ ಮಾತ್ರ ಅವನು ‘ನಾನು’ ಅನ್ನಲಿಲ್ಲ.

ತಮ್ಮ: ಮುಚ್ಚಿಡಬೇಕು ಅಂತಿದ್ದರೆ ಕೆತ್ತುವುದೇ ಬೇಡವಾಗಿತ್ತಲ್ಲ?

ಅಕ್ಕ: ಅಲ್ಲಿಗೆ ಆಮೇಲೆ ಬರೋಣ. ಮೊದಲು ಏನು ಕಾಣಿಸುತ್ತಿದೆ, ಅದನ್ನು ಹೇಳು. ಅರ್ಥ ಹುಡುಕಬೇಡ. ಕಣ್ಣಿಗೆ ಬಿದ್ದದ್ದು ಸಾಕು.

ತಮ್ಮ: ಒಂದು ತಲೆ. ಹಾಳೆಯನ್ನೆಲ್ಲ ಅದೇ ತುಂಬಿಕೊಂಡಿದೆ. ಮುಖದ ಬಣ್ಣ ಹಸಿರು. ಎಳೆ ಹಸಿರಲ್ಲ, ಹಳದಿ ಕಲೆತ ಮಂಕು ಹಸಿರು. ನೀಲಿ ಇದೆ, ಕಂದು ಇದೆ, ಅವುಗಳ ಮೇಲೆಲ್ಲ ಕಪ್ಪು. ಕೆನ್ನೆ ಗುಳಿಬಿದ್ದಿದೆ. ಬಾಯಿ ಬಿಗಿದುಕೊಂಡಿದೆ. ಗದ್ದದ ಹತ್ತಿರ ಕೈ. ಕಣ್ಣು ನಮ್ಮನ್ನು ನೋಡುತ್ತಿಲ್ಲ, ಪಕ್ಕಕ್ಕೆ ಎಲ್ಲೋ ಹೋಗಿದೆ. ನಿಜ ಹೇಳಬೇಕು ಅಂದರೆ ತಿಂಗಳುಗಟ್ಟಲೆ ಜ್ವರದಲ್ಲಿ ಮಲಗಿ ಎದ್ದವನ ಹಾಗಿದ್ದಾನೆ. ಇನ್ನೊಂದು ಮಾತು, ನೀನು ಬೇಜಾರು ಮಾಡಿಕೊಳ್ಳಬೇಡ. ಕೆಲಸ ಬಹಳ ಒರಟು.

ಅಕ್ಕ: ಎಲ್ಲಿ ಒರಟು? ಬೆರಳಿಟ್ಟು ತೋರಿಸು.

ತಮ್ಮ: ಇಲ್ಲಿ, ಕೆನ್ನೆಯ ಎಲುಬಿನ ಕೆಳಗೆ. ನೆರಳು ಅಂದಮೇಲೆ ಸ್ವಲ್ಪ ಸ್ವಲ್ಪವೇ ಮಸುಕಾಗಬೇಕು. ಇಲ್ಲಿ ಕಪ್ಪು ಒಂದೇಟಿಗೆ ಶುರುವಾಗಿ ಒಂದೇಟಿಗೆ ನಿಂತುಬಿಟ್ಟಿದೆ. ಅಂಚು ಬೇರೆ ಮುರಿದ ಹಾಗಿದೆ.

ಅಕ್ಕ: ಆ ಕಪ್ಪನ್ನು ಅವನು ಬಳಿದ ಅಂದುಕೊಂಡು ನೋಡುತ್ತಿದ್ದೀಯ. ವುಡ್‌ಕಟ್‌ನಲ್ಲಿ ಕಪ್ಪು ಅಂದರೆ ಉಳಿ ಮುಟ್ಟದೆ ಬಿಟ್ಟ ಜಾಗ. ಏನೂ ಕೆತ್ತದ ಹಲಗೆಗೆ ರೋಲರ್‌ನಲ್ಲಿ ಇಂಕು ಹಚ್ಚಿ ಕಾಗದ ಒತ್ತಿದರೆ ಹಾಳೆಯೆಲ್ಲ ಕಪ್ಪೇ. ಅಂದರೆ ನೀನು ಶುರು ಮಾಡುವುದೇ ಪೂರ್ತಿ ಕತ್ತಲೆಯಿಂದ. ಎಲ್ಲಿ ಮರ ಎತ್ತಿ ಹಾಕುತ್ತೀಯೋ ಅಲ್ಲಿ ತಗ್ಗಾಗುತ್ತದೆ, ಇಂಕು ಅಲ್ಲಿಗೆ ಇಳಿಯುವುದಿಲ್ಲ, ಕಾಗದದ ಬಿಳುಪೋ ಮೊದಲೇ ಇಟ್ಟ ಬಣ್ಣವೋ ಕಾಣುತ್ತದೆ. ಈಗ ಅದೇ ಕೆನ್ನೆ ನೋಡು. ಗುಳಿಬಿದ್ದಿದೆ ಅಂದೆಯಲ್ಲ, ಆ ಗುಳಿಯಲ್ಲಿ ಅವನು ಏನೂ ಮಾಡಿಲ್ಲ. ಎಲುಬಿನ ಮೇಲಿಂದ ಮರ ತೆಗೆದ, ಕೆಳಗೆ ಕೈ ತಡೆದ. ಹಲಗೆಯಲ್ಲಿ ಎತ್ತರವಾಗಿ ಉಳಿದ ಜಾಗವೇ ಮುಖದಲ್ಲಿ ಹಳ್ಳವಾಗಿ ಕಾಣುತ್ತಿದೆ.

ತಮ್ಮ: ಉಬ್ಬು ತಗ್ಗಾಯಿತು, ತಗ್ಗು ಉಬ್ಬಾಯಿತು.

ಅಕ್ಕ: ಹಾಗೇ ಆಗುವುದು. ಕೆತ್ತುವವನು ಅದೆಲ್ಲವನ್ನೂ ತಲೆಕೆಳಗಾಗಿ ಯೋಚಿಸುತ್ತಾ ಕೂರಬೇಕು. ಇನ್ನು ಆ ಮುರಿದ ಅಂಚು. ಮರಕ್ಕೆ ಎಳೆ ಅಂತ ಇರುತ್ತದಲ್ಲ. ಎಳೆ ಹೋದ ಕಡೆಗೆ ಉಳಿ ಹೋದರೆ ಸಲೀಸು. ಅಡ್ಡ ಹೋದರೆ ಮರ ತಡೆಯುತ್ತದೆ, ನೀನು ಇನ್ನಷ್ಟು ಒತ್ತುತ್ತೀಯ, ಸಿಬಿರು ಕಿತ್ತು ಬರುತ್ತದೆ. ಬಹಳ ಜನ ಆ ಸಿಬಿರಿನ ಗುರುತನ್ನು ಸರಿ ಮಾಡುತ್ತಾರೆ. ಹೆಕೆಲ್‌ನ ಗುಂಪಿನವರು ಅದನ್ನು ಉಳಿಸಿಕೊಂಡರು. ಮುಖ ಯಾರದು ಅನ್ನುವುದರ ಜೊತೆಗೆ, ಅದನ್ನು ಯಾವುದರಲ್ಲಿ ಮಾಡಿದೆವು ಅನ್ನುವುದೂ ಕಾಣಲಿ ಅಂತ ಅವರಿಗೆ ಆಸೆ.

ತಮ್ಮ: ಹಿಂದಿನವರು ಹಾಗೆ ಮಾಡಲಿಲ್ಲವಾ? ಜರ್ಮನಿಯಲ್ಲಿ ವುಡ್‌ಕಟ್ ಹೊಸದೇನಲ್ಲವಲ್ಲ. ಡ್ಯೂರರ್ ಕಾಲದಿಂದಲೂ ಇತ್ತು.

ಅಕ್ಕ: ಇತ್ತು. ಆದರೆ ಡ್ಯೂರರ್ ಕಾಲದಲ್ಲಿ ಕಲಾವಿದ ಹಲಗೆಯ ಮೇಲೆ ಗೆರೆ ಬರೆದುಕೊಡುತ್ತಿದ್ದ, ಕೆತ್ತುವುದಕ್ಕೆ ಅದೇ ಕಸುಬಿನವರು ಬೇರೆ ಇರುತ್ತಿದ್ದರು. ಲೇಖನಿಯ ಗೆರೆ ಒಂದು ಕೂದಲೆಳೆಯಷ್ಟೂ ಕೆಡದ ಹಾಗೆ ಸುತ್ತಲಿನ ಮರ ತೆಗೆಯುವುದು ಅವರ ಜಾಣ್ಮೆ. ಅಲ್ಲಿ ಮರ ತಾನು ಮರ ಅಂತ ತೋರಿಸಿಕೊಳ್ಳಬಾರದು. ಹತ್ತೊಂಬತ್ತನೇ ಶತಮಾನಕ್ಕೆ ಬರುವ ಹೊತ್ತಿಗೆ ಪತ್ರಿಕೆಗಳಿಗೆ ಚಿತ್ರ ಅಚ್ಚುಹಾಕುವ ದೊಡ್ಡ ಉದ್ಯಮವೇ ಆಗಿಹೋಗಿತ್ತು. ಅದನ್ನು ಒಡೆದವನು ಫ್ರಾನ್ಸಿನ ಗೋಗ್ಯಾಂ. ತಾಹಿತಿಯಿಂದ ವಾಪಸು ಬಂದಮೇಲೆ, 1893-94ರಲ್ಲಿ, ಹತ್ತು ಹಲಗೆ ಕೆತ್ತಿದ. ಗೀರಿದ, ಉಜ್ಜಿದ, ಇಂಕನ್ನು ಎಲ್ಲೆಂದರಲ್ಲಿ ದಪ್ಪ ತೆಳು ಹಚ್ಚಿದ. ಆಮೇಲೆ ನಾರ್ವೆಯ ಮುಂಕ್. ಅವನು ಹಲಗೆಯನ್ನೇ ಗರಗಸದಲ್ಲಿ ತುಂಡು ಮಾಡಿ, ಒಂದೊಂದು ತುಂಡಿಗೆ ಒಂದೊಂದು ಬಣ್ಣ ಹಚ್ಚಿ, ಮತ್ತೆ ಜೋಡಿಸಿ ಒಂದೇ ಸಲ ಒತ್ತುತ್ತಿದ್ದ. ಹೆಕೆಲ್ ಇದನ್ನು ಚೆನ್ನಾಗಿ ಕಲಿತ. 1910ರಲ್ಲಿ ಅವನು ಮಾಡಿದ ‘ಮಲಗಿದ ಫ್ರಾನ್ಸಿ’ ನೋಡಿದರೆ ಗೊತ್ತಾಗುತ್ತದೆ. ಒಂದು ಹುಡುಗಿ, ಕೆಂಪು, ಕಪ್ಪು, ನಡುವೆ ಗರಗಸ ಹೋದ ಜಾಗದಲ್ಲಿ ಸಣ್ಣ ಬಿಳಿ ಗೆರೆ. ಆ ಬಿಳಿ ಗೆರೆಯನ್ನು ಯಾರೂ ಬರೆದದ್ದಲ್ಲ.

ತಮ್ಮ: ಅವನಿಗೆ ಕೆತ್ತನೆ ಹೇಳಿಕೊಟ್ಟವರು ಯಾರು?

ಅಕ್ಕ: ಅವರಿಗೆ ಮೇಷ್ಟ್ರು ಅಂತ ಒಬ್ಬರಿರಲಿಲ್ಲ. ಡ್ರೆಸ್ಡನ್‌ನಲ್ಲಿ ನಾಲ್ಕು ಜನ ಹುಡುಗರು ಕಟ್ಟಡ ಕಟ್ಟುವ ವಿದ್ಯೆ ಓದುತ್ತಿದ್ದರು. ಕಿರ್ಶ್ನರ್, ಬ್ಲೈಲ್, ಶ್ಮಿಟ್-ರೊಟ್ಲುಫ್, ಮತ್ತೆ ಇವನು. 1905ರ ಜೂನ್ 7ರಂದು ಒಂದು ಗುಂಪು ಕಟ್ಟಿಕೊಂಡು ಅದಕ್ಕೆ ‘ಸೇತುವೆ’ ಅಂತ ಹೆಸರಿಟ್ಟರು, ಜರ್ಮನ್‌ನಲ್ಲಿ ‘ಬ್ರ್ಯೂಕೆ’. ಹೆಕೆಲ್‌ಗೆ ಆಗ ಇನ್ನೂ 22 ತುಂಬಿರಲಿಲ್ಲ. ಮಾರನೇ ವರ್ಷ ತಮ್ಮ ಧ್ಯೇಯ ಏನು ಅಂತ ಸಾರಬೇಕಾಗಿ ಬಂತು. ಆ ಧ್ಯೇಯದ ಮಾತುಗಳನ್ನೂ ಕಿರ್ಶ್ನರ್ ಮರದಲ್ಲೇ ಕೆತ್ತಿದ, ಅಕ್ಷರ ಅಕ್ಷರವಾಗಿ, ಉಲ್ಟಾ. ಹೊರಗಿನ ಜನ ವರ್ಷಕ್ಕೆ 12 ಮಾರ್ಕ್ ಕೊಟ್ಟರೆ ಗುಂಪಿನ ಬೆಂಬಲಿಗ ಸದಸ್ಯರಾಗಬಹುದಿತ್ತು. ವರ್ಷದ ಕೊನೆಗೆ ಅವರಿಗೆ ಮುದ್ರಣಚಿತ್ರಗಳ ಒಂದು ಕಟ್ಟು ಸಿಗುತ್ತಿತ್ತು. 1906ರಿಂದ ಹಲವು ವರ್ಷ ಈ ಕಟ್ಟುಗಳು ಹೋದವು. ಇದು ನನಗೆ ಬಹಳ ಇಷ್ಟವಾದ ಸಂಗತಿ. ಪೇಂಟಿಂಗ್ ಕೊಳ್ಳುವ ಶಕ್ತಿ ಇಲ್ಲದವರ ಮನೆಗೂ ಕಲಾವಿದನ ಕೈಯ ಕೆಲಸ ತಲುಪುತ್ತಿತ್ತು. ಅದು ನಕಲಲ್ಲ ಅನ್ನುವುದನ್ನು ನೆನಪಿಡು. ಹಲಗೆಯಿಂದ ಎದ್ದ ಪ್ರತಿ ಹಾಳೆಯೂ ಅಸಲೇ.

ತಮ್ಮ: ಮುಖವಾಡದ ಹಾಗೆ ಮುಖ ಮಾಡುವುದನ್ನು ಅವರು ಆಫ್ರಿಕಾದವರಿಂದ ಕಲಿತರು ಅಂತ ಎಲ್ಲೋ ಓದಿದ್ದೆ.

ಅಕ್ಕ: ಆಫ್ರಿಕಾದಿಂದಲೂ, ಪೆಸಿಫಿಕ್ ದ್ವೀಪಗಳಿಂದಲೂ. ಡ್ರೆಸ್ಡನ್‌ನ ಜನಾಂಗ ವಸ್ತುಸಂಗ್ರಹಾಲಯದಲ್ಲಿ ಪಲಾವು ದ್ವೀಪದ ಕೆತ್ತನೆಯ ಮನೆತೊಲೆಗಳಿದ್ದವು. ಕಿರ್ಶ್ನರ್ ಅವುಗಳನ್ನು ನೋಡಿ ಬೆರಗಾಗಿದ್ದ. ಆದರೆ ಆ ತೊಲೆಗಳು ಅಲ್ಲಿಗೆ ಸುಮ್ಮನೆ ಬಂದವಲ್ಲ. 1899ರಿಂದ 1914ರವರೆಗೆ ಪಲಾವು ಜರ್ಮನಿಯ ವಸಾಹತು. ಈ ಹುಡುಗರು ತಮ್ಮ ಊರಿನ ಕಲಾಶಾಲೆಗಳ ವಿರುದ್ಧ ದಂಗೆ ಎದ್ದರು ನಿಜ, ಆದರೆ ಆ ತೊಲೆ ಕೆತ್ತಿದವನ ಹೆಸರೇನು, ಅದರಲ್ಲಿರುವ ಕಥೆ ಏನು ಅಂತ ಕೇಳಲಿಲ್ಲ. ಅವರಿಗೆ ಬೇಕಾದದ್ದು ಅದರ ಒರಟುತನ. ಅದನ್ನು ಕೆತ್ತಿದವನಿಗೆ ಅದು ಒರಟಾಗಿ ಕಂಡಿರಲಾರದು, ಅಲ್ಲಿನ ನಯಗಾರಿಕೆಯೇ ಅದಾಗಿರಬಹುದು. ಹೆಕೆಲ್‌ನ ಕೆಲಸವನ್ನು ನಾನು ಇಷ್ಟು ಹಚ್ಚಿಕೊಂಡಿದ್ದೇನೆ, ಆದರೂ ಈ ಮಾತನ್ನು ಪಾಠ ಮಾಡುವಾಗ ಬಿಟ್ಟು ಮುಂದೆ ಹೋಗುವುದಿಲ್ಲ.

ತಮ್ಮ: ಸರಿ. ಈಗ ನನ್ನ ಪ್ರಶ್ನೆಗೆ ಬಾ. ಹೆಸರು ಯಾಕೆ ಹೇಳಲಿಲ್ಲ?

ಅಕ್ಕ: ನಿನ್ನ ಫೋನ್ ತೆಗೆ. ಸೆಲ್ಫಿ ಕ್ಯಾಮೆರಾ ಆನ್ ಮಾಡು. ಬಲಗಡೆ ಬೈತಲೆ ತೆಗೆದಿದ್ದೀಯಲ್ಲ, ಅದು ಪರದೆಯಲ್ಲಿ ಯಾವ ಕಡೆ ಕಾಣುತ್ತದೆ?

ತಮ್ಮ: ಬಲಗಡೆಗೇ. ಕನ್ನಡಿಯಲ್ಲಿ ಕಾಣುವ ಹಾಗೆ.

ಅಕ್ಕ: ಈಗ ಫೋನ್ ನನಗೆ ಕೊಡು. ಹಿಂದಿನ ಕ್ಯಾಮೆರಾದಲ್ಲಿ ನಾನು ತೆಗೆಯುತ್ತೇನೆ. ನೋಡು.

ತಮ್ಮ: ಬೈತಲೆ ಎಡಗಡೆಗೆ ಬಂತು. ಈ ಥರದ ಫೋಟೋಗಳಲ್ಲಿ ನನ್ನ ಮುಖ ನನಗೆ ಯಾವಾಗಲೂ ಸೊಟ್ಟಗೆ ಕಾಣುತ್ತದೆ.

ಅಕ್ಕ: ನಾನು ದಿನಾ ನೋಡುವ ನಿನ್ನ ಮುಖ ಇದೇ ಕಣೋ. ನನಗೆ ಇದರಲ್ಲಿ ಸೊಟ್ಟ ಏನೂ ಕಾಣುವುದಿಲ್ಲ. ನಿನಗೆ ಪರಿಚಯವಿರುವುದು ಕನ್ನಡಿಯ ಮುಖ, ಊರಿಗೆಲ್ಲ ಪರಿಚಯವಿರುವುದು ಇನ್ನೊಂದು. ಪೇಂಟಿಂಗ್‌ನಲ್ಲಿ ಸ್ವಚಿತ್ರ ಮಾಡುವವನು ಕನ್ನಡಿ ಎದುರಿಗೆ ಕೂತು ಕಂಡದ್ದನ್ನು ಕ್ಯಾನ್ವಾಸಿಗೆ ಇಳಿಸುತ್ತಾನೆ. ಅವನ ಎಡಗಣ್ಣು ಚಿತ್ರದ ಎಡಕ್ಕೇ ಬರುತ್ತದೆ. ಅದಕ್ಕೇ ಹಳೆಯ ಸ್ವಚಿತ್ರಗಳಲ್ಲಿ ಎಷ್ಟೋ ಜನ ಎಡಗೈಯಲ್ಲಿ ಕುಂಚ ಹಿಡಿದ ಹಾಗೆ ಕಾಣುತ್ತಾರೆ. ಈಗ ಅದೇ ಕನ್ನಡಿ, ಕ್ಯಾನ್ವಾಸ್ ಬದಲು ಮರದ ಹಲಗೆ ಅಂದುಕೋ. ಕನ್ನಡಿಯಲ್ಲಿ ಕಂಡದ್ದನ್ನು ಕಂಡ ಹಾಗೇ ಕೆತ್ತುತ್ತೀಯ. ಹಲಗೆಯಲ್ಲಿರುವುದು ನಿನ್ನ ಕನ್ನಡಿಯ ಮುಖ. ಇಂಕು ಹಚ್ಚಿ, ಕಾಗದ ಹಾಕಿ, ಒತ್ತಿ, ಮೂಲೆ ಹಿಡಿದು ನಿಧಾನಕ್ಕೆ ಕಾಗದ ಎತ್ತುತ್ತೀಯ...

ತಮ್ಮ: ಅದು ತಿರುಗಿರುತ್ತದೆ. ಅಂದರೆ ಎರಡು ಸಲ ತಿರುಗಿ, ಬೇರೆಯವರಿಗೆ ಕಾಣುವ ಮುಖ ಆಗಿಬಿಟ್ಟಿರುತ್ತದೆ!

ಅಕ್ಕ: ಕನ್ನಡಿ ಒಂದು ಸಲ ತಿರುಗಿಸಿತು, ಪ್ರೆಸ್ಸು ಇನ್ನೊಂದು ಸಲ. ಕೆತ್ತಿದವನು ಕನ್ನಡಿಯಲ್ಲಿ ಎಂದೂ ಕಾಣದ ಮುಖವೊಂದು ಆ ಕಾಗದದಲ್ಲಿ ಏಳುತ್ತದೆ. ನನ್ನ ಕ್ಲಾಸಿನಲ್ಲಿ ಹುಡುಗರಿಗೆ ಒಂದೊಂದು ಕನ್ನಡಿ, ಒಂದೊಂದು ಹಲಗೆ ಕೊಟ್ಟು ಕೂರಿಸುತ್ತೇನೆ. ಅಳಿಸುವಂತಿಲ್ಲ, ಮರದಲ್ಲಿ ತೆಗೆದದ್ದು ತೆಗೆದದ್ದೇ. ಒಂದು ಸಲ ಹುಡುಗಿಯೊಬ್ಬಳು ಮೊದಲ ಪ್ರೂಫ್ ಎತ್ತಿ ನೋಡಿ, ‘ಮೇಡಂ, ಇದು ನಾನಲ್ಲ’ ಅಂದಳು. ಅಳುವ ಹಾಗಾಗಿದ್ದಳು. ಪಕ್ಕದ ಬೆಂಚಿನವಳು ಬಗ್ಗಿ ನೋಡಿ, ‘ನೀನೇ ಕಣೇ, ಅಚ್ಚು ನೀನೇ’ ಅಂದಳು. ಇಬ್ಬರು ಹೇಳಿದ್ದೂ ಸರಿ. ಹೆಕೆಲ್ ಕನ್ನಡಿ ನೋಡಿಯೇ ನೇರವಾಗಿ ಹಲಗೆಗೆ ಕೈ ಹಾಕಿದನೋ, ಮೊದಲು ಕಾಗದದಲ್ಲಿ ಗೆರೆ ಹಾಕಿಕೊಂಡನೋ, ಆ ಮಾತು ಬಿಡು. ಹೇಗೆ ಮಾಡಿದರೂ ಹಾಳೆ ಏಳುವ ಆ ಗಳಿಗೆ ತಪ್ಪುವುದಿಲ್ಲ. ತನ್ನ ಮುಖ ತನ್ನ ಕೈಬಿಟ್ಟು ಬೇರೆಯವರ ಕಣ್ಣಿಗೆ ಒಪ್ಪಿಸಲ್ಪಡುವ ಗಳಿಗೆ ಅದು. ಆ ಹಾಳೆಯ ಕೆಳಗೆ ‘ಒಬ್ಬ ಮನುಷ್ಯ’ ಅಂತ ಬರೆಯುವುದು ನನಗೆ ಮುಚ್ಚಿಡುವ ಕೆಲಸವಾಗಿ ಕಾಣುವುದಿಲ್ಲ. ಅವನು ಕಂಡದ್ದನ್ನೇ ಬರೆದ.

ತಮ್ಮ: ನೀನು ಹೇಳುವ ರೀತಿ ಚೆನ್ನಾಗಿದೆ. ಆದರೆ ಆ ಲೆಕ್ಕದಲ್ಲಿ ಎಲ್ಲ ವುಡ್‌ಕಟ್ ಸ್ವಚಿತ್ರಗಳಿಗೂ ಇದೇ ಮಾತು ಅನ್ವಯಿಸಬೇಕು. ಬೇರೆಯವರು ಧಾರಾಳವಾಗಿ ‘ಸ್ವಚಿತ್ರ’ ಅಂತಲೇ ಹೆಸರಿಟ್ಟಿದ್ದಾರಲ್ಲ? ಹೆಕೆಲ್ ಇದೊಂದಕ್ಕೆ ಇಡಲಿಲ್ಲ ಅಂದರೆ ಇನ್ನೇನೋ ಇರಬೇಕು.

ಅಕ್ಕ: ಇದೆ. ವರ್ಷ ನೋಡು, 1919. ಮೊದಲ ಮಹಾಯುದ್ಧ ಮುಗಿದು ತಿಂಗಳುಗಳಾಗಿದ್ದವು. ‘ಸೇತುವೆ’ ಗುಂಪು 1913ರಲ್ಲೇ ಒಡೆದುಹೋಗಿತ್ತು. ಯುದ್ಧದಲ್ಲಿ ಹೆಕೆಲ್ ವೈದ್ಯಕೀಯ ದಳದ ಸಹಾಯಕನಾಗಿ ಫ್ಲಾಂಡರ್ಸ್‌ನಲ್ಲಿದ್ದ, ಬೆಲ್ಜಿಯಂನಲ್ಲಿ. ಗಾಯವಾದವರನ್ನು ಹೊರುವುದು, ಕಟ್ಟು ಕಟ್ಟುವುದು. ಅವನ ದಳದ ಮುಂದಾಳು ವಾಲ್ಟರ್ ಕೇಸ್‌ಬಾಖ್ ಅಂತ, ಕಲಾ ಇತಿಹಾಸಕಾರ. ಅವನು ಹಲವು ಕಲಾವಿದರನ್ನು ತನ್ನ ದಳಕ್ಕೆ ಸೇರಿಸಿಕೊಂಡು ಅವರಿಗೆ ಚಿತ್ರ ಬರೆಯಲು ಬಿಡುವು ಸಿಗುವ ಹಾಗೆ ನೋಡಿಕೊಂಡ. ಅದನ್ನೂ ಹೇಳಬೇಕು, ಯಾಕೆಂದರೆ ಹೆಕೆಲ್ ಕಂದಕದಲ್ಲಿ ಬಂದೂಕು ಹಿಡಿದು ಕೂತವನಲ್ಲ. ಆದರೆ ಕಂದಕದಿಂದ ಎತ್ತಿ ತಂದವರೆಲ್ಲ ಅವನ ಕೈಗೇ ಬರುತ್ತಿದ್ದರು.

ತಮ್ಮ: ಆಗ ಏನಾದರೂ ಚಿತ್ರ ಬರೆದನಾ?

ಅಕ್ಕ: ಬರೆದ. 1915ರ ಕ್ರಿಸ್‌ಮಸ್‌ಗೆ ಓಸ್ಟೆಂಡ್‌ನಲ್ಲಿ, ಸೈನಿಕರ ಹಬ್ಬಕ್ಕೆ ಅಂತ ಡೇರೆ ಬಟ್ಟೆಯ ಮೇಲೆ ಮಗುವನ್ನು ಎತ್ತಿಕೊಂಡ ಒಬ್ಬ ಮಡೋನಾಳನ್ನು ಬರೆದ. ಕ್ಯಾನ್ವಾಸ್ ಎಲ್ಲಿ ಸಿಗಬೇಕು ಅಲ್ಲಿ? ‘ಓಸ್ಟೆಂಡ್ ಮಡೋನಾ’ ಅಂತ ಅದಕ್ಕೆ ಆಮೇಲೆ ದೊಡ್ಡ ಹೆಸರು ಬಂತು. ಯುದ್ಧದ ಮಧ್ಯೆ, ಬದುಕುತ್ತಾರೋ ಇಲ್ಲವೋ ಗೊತ್ತಿಲ್ಲದ ಹುಡುಗರ ಮುಂದೆ ಇಡುವುದಕ್ಕೆ ಅವನಿಗೆ ತೋಚಿದ್ದು ಅದು.

ತಮ್ಮ: ಈ ಹಸಿರು ಮುಖದಲ್ಲಿ ಆ ಹುಡುಗರೇ ಇದ್ದಾರೆ ಅನ್ನುತ್ತೀಯಾ? ನನಗೆ ಇಲ್ಲಿ ಸ್ವಲ್ಪ ಅನುಮಾನ. 1919 ಅಂತ ಗೊತ್ತಿದ್ದರಿಂದ ನಾವು ಯುದ್ಧವನ್ನು ತಂದು ಆ ಮುಖಕ್ಕೆ ಅಂಟಿಸುತ್ತಿದ್ದೇವೇನೋ. ತಾರೀಖು ಗೊತ್ತಿಲ್ಲದಿದ್ದರೆ, ನಾನು ಮೊದಲು ಹೇಳಿದ ಹಾಗೆ, ಜ್ವರ ಬಂದವನು ಅಂತಲೇ ಅಂದುಕೊಳ್ಳುತ್ತಿದ್ದೆ.

ಅಕ್ಕ: ಅನುಮಾನ ಇರಲಿ, ಒಳ್ಳೆಯದೇ. ನಾನು ತಾರೀಖಿನಿಂದ ಶುರು ಮಾಡುವುದಿಲ್ಲ, ಕಣ್ಣಿನಿಂದ ಶುರು ಮಾಡುತ್ತೇನೆ. ಕನ್ನಡಿ ಮುಂದೆ ಕೂತು ತನ್ನ ಮುಖ ಮಾಡುವವನ ಕಣ್ಣು ಎಲ್ಲಿರಬೇಕು?

ತಮ್ಮ: ಕನ್ನಡಿಯಲ್ಲಿ. ಅಂದರೆ ನಮ್ಮನ್ನು ನೇರವಾಗಿ ನೋಡುವ ಹಾಗೆ ಬರಬೇಕು.

ಅಕ್ಕ: ಸ್ವಚಿತ್ರಗಳಲ್ಲಿ ಸಾಮಾನ್ಯವಾಗಿ ಆ ನೇರ ನೋಟವೇ ಇರುತ್ತದೆ. ಅದು ಕಸುಬಿನಿಂದಲೇ ಬರುವ ನೋಟ, ಬೇಡ ಅಂದರೂ ಬರುತ್ತದೆ. ಇವನು ಅದನ್ನು ಬೇಕು ಅಂತಲೇ ತಪ್ಪಿಸಿದ. ಕಣ್ಣನ್ನು ಪಕ್ಕಕ್ಕೆ ತಿರುಗಿಸಿ ಕೆತ್ತಿದ. ಹಾಗೆ ಮಾಡಿದ ಕೂಡಲೇ ಅವನು ನೋಡುವವನಾಗಿ ಉಳಿಯಲಿಲ್ಲ, ನೋಡಿಸಿಕೊಳ್ಳುವವನಾದ. ಆಸ್ಪತ್ರೆಯಲ್ಲಿ ಮಂಚದ ಮೇಲೆ ಮಲಗಿದವನನ್ನು ನಾವು ನೋಡುತ್ತೇವೆ, ಅವನು ಕಿಟಕಿ ಕಡೆ ನೋಡುತ್ತಿರುತ್ತಾನೆ. ನೀನು ಜ್ವರ ಅಂದದ್ದು ಅದಕ್ಕೇ. ಮೂರು ವರ್ಷ ಬೇರೆಯವರ ಮುಖಗಳನ್ನು ಮೇಲಿಂದ ಬಗ್ಗಿ ನೋಡಿದವನು, ಒಂದು ದಿನ ತನ್ನ ಮುಖವನ್ನೂ ಅದೇ ಜಾಗದಲ್ಲಿಟ್ಟು ನೋಡಿದ. ಇದು ನನ್ನ ಓದು. ಇದಕ್ಕಿಂತ ಚೆನ್ನಾಗಿ ಆ ತಿರುಗಿದ ಕಣ್ಣನ್ನೂ ಹೇಳದ ಹೆಸರನ್ನೂ ಒಟ್ಟಿಗೆ ವಿವರಿಸುವ ಓದು ನನಗೆ ಸಿಕ್ಕಿಲ್ಲ.

ತಮ್ಮ: ಕೈ?

ಅಕ್ಕ: ಕೈಯನ್ನು ನಾನು ಆಮೇಲೆ ಗಮನಿಸಿದ್ದು. ಅದೇ ಕೈ ಈ ಹಲಗೆ ಕೆತ್ತಿದ್ದು, ಅದೇ ಕೈ ಕಟ್ಟು ಕಟ್ಟಿದ್ದು. ಚಿತ್ರದಲ್ಲಿ ಅದಕ್ಕೆ ಯಾವ ಕೆಲಸವೂ ಇಲ್ಲ. ಉಳಿ ಹಿಡಿದಿಲ್ಲ, ಕುಂಚ ಹಿಡಿದಿಲ್ಲ. ‘ನಾನು ಕಲಾವಿದ’ ಅಂತ ಹೇಳುವ ಒಂದೇ ಒಂದು ಗುರುತನ್ನೂ ಅವನು ಇಟ್ಟುಕೊಂಡಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸ್ಟುಡಿಯೋದ ಒಂದು ಮೂಲೆಯನ್ನಾದರೂ ತೋರಿಸುತ್ತಿದ್ದರು.

ತಮ್ಮ: ಇದೇ ಯುದ್ಧದ ಬಗ್ಗೆ ಕೊಲ್ವಿಟ್ಸ್ ಅನ್ನುವ ಕಲಾವಿದೆಯ ವುಡ್‌ಕಟ್‌ಗಳನ್ನೂ ನೀನು ಒಂದು ಸಲ ತೋರಿಸಿದ್ದೆ.

ಅಕ್ಕ: ಕೇಟೆ ಕೊಲ್ವಿಟ್ಸ್. ಅವಳ ಕಿರಿಮಗ ಪೀಟರ್, 18ರ ಹುಡುಗ, ತಾನಾಗಿ ಸೈನ್ಯಕ್ಕೆ ಸೇರಿ 1914ರ ಅಕ್ಟೋಬರ್‌ನಲ್ಲಿ ಸತ್ತ. ಎಲ್ಲಿ ಗೊತ್ತಾ? ಫ್ಲಾಂಡರ್ಸ್‌ನಲ್ಲೇ, ಡಿಕ್ಸ್‌ಮೌಡ ಹತ್ತಿರ. ಹೆಕೆಲ್ ಆಮೇಲೆ ಕೆಲಸ ಮಾಡಿದ ಸೀಮೆಯಲ್ಲೇ. ಕೊಲ್ವಿಟ್ಸ್ ಅಲ್ಲಿಯವರೆಗೆ ಎಚ್ಚಿಂಗ್, ಲಿಥೋ ಮಾಡುತ್ತಿದ್ದವಳು. ಬೂದು ನೆರಳನ್ನು ಅಷ್ಟು ನಯವಾಗಿ ತರುವ ಕೈ ಅವಳದು. 1920ರಲ್ಲಿ ಬರ್ಲಿನ್‌ನ ಪ್ರದರ್ಶನವೊಂದರಲ್ಲಿ ಕಲಾವಿದ ಬಾರ್ಲಾಖ್‌ನ ವುಡ್‌ಕಟ್‌ಗಳನ್ನು ನೋಡಿ ಮರಕ್ಕೆ ಬಂದಳು. ‘ಯುದ್ಧ’ ಅನ್ನುವ ಏಳು ವುಡ್‌ಕಟ್‌ಗಳ ಮಾಲಿಕೆ ಆಮೇಲೆ ಬಂದದ್ದು. ಅದರಲ್ಲಿ ಒಂದು ಸ್ವಯಂಸೇವಕರದ್ದು. ಡೋಲು ಬಾರಿಸುವ ಸಾವಿನ ಹಿಂದೆ ಹುಡುಗರು ಸಾಲಾಗಿ ಹೋಗುತ್ತಾರೆ, ಸಾವಿಗೆ ಎಲ್ಲರಿಗಿಂತ ಹತ್ತಿರ ಇರುವವನು ಪೀಟರ್. ಅದೇ ಹೊತ್ತಿನಲ್ಲಿ ತನ್ನ ಮುಖವನ್ನೂ ಮರದಲ್ಲಿ ಕೆತ್ತಿದಳು. ಅವಳ ಸ್ವಚಿತ್ರಗಳು ಒಟ್ಟು ನೂರರ ಆಸುಪಾಸು ಇವೆ, ಬೇರೆ ಬೇರೆ ಮಾಧ್ಯಮದಲ್ಲಿ. ಅವಳಿಗೆ ತನ್ನ ಮುಖವನ್ನು ತನ್ನದು ಅಂತ ಹೇಳುವುದರಲ್ಲಿ ಸಂಕೋಚವಿಲ್ಲ. ದುಃಖ ಯಾರದು ಅನ್ನುವುದು ಅಲ್ಲಿ ಮುಖ್ಯ, ತಾಯಿಯ ದುಃಖಕ್ಕೆ ಹೆಸರು ಬೇಕು. ಹೆಕೆಲ್‌ನ ಸಂಕಟಕ್ಕೆ ಅಂಥ ಹೆಸರಿರಲಿಲ್ಲ. ಅವನ ಕೈಯಲ್ಲಿ ಸತ್ತವರು ಅವನ ಬಂಧುಗಳಲ್ಲ.

ತಮ್ಮ: ಈಗ ಈ ಚಿತ್ರ ಎಲ್ಲಿದೆ?

ಅಕ್ಕ: ಒಂದು ಕಡೆ ಅಂತ ಹೇಳುವ ಹಾಗಿಲ್ಲ, ಅದೇ ಇದರ ಸೊಗಸು. ನಾನು ನೋಡಿದ್ದು ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಪ್ರತಿ. ಬೇರೆ ಸಂಗ್ರಹಾಲಯಗಳಲ್ಲೂ ಪ್ರತಿಗಳಿವೆ. ಎಲ್ಲವೂ ಅದೇ ಮುಖ, ಎಲ್ಲವೂ ಅಸಲು, ಆದರೂ ಕೈಯಿಂದ ಇಂಕು ಹಚ್ಚಿದ್ದರಲ್ಲಿ ಎರಡು ಹಾಳೆ ಥೇಟು ಒಂದೇ ಥರ ಬರುವುದಿಲ್ಲ. ಒಂದರಲ್ಲಿ ಕಪ್ಪು ಗಾಢವಾಗಿ ಕೂತಿರುತ್ತದೆ, ಇನ್ನೊಂದರಲ್ಲಿ ಮರದ ಎಳೆ ಹೆಚ್ಚು ಕಾಣುತ್ತದೆ.

ತಮ್ಮ: ಅಲ್ಲಿ ಗೋಡೆಯ ಮೇಲೆ ಹಾಕಿದ್ದರಾ?

ಅಕ್ಕ: ಇಲ್ಲ. ಕಾಗದದ ಕೃತಿಗಳನ್ನು ಯಾವ ಸಂಗ್ರಹಾಲಯವೂ ಸದಾ ಗೋಡೆಗೆ ಹಾಕಿಡುವುದಿಲ್ಲ. ಬೆಳಕು ಕಾಗದವನ್ನೂ ಬಣ್ಣವನ್ನೂ ತಿನ್ನುತ್ತದೆ. ಹೊರಗಿಟ್ಟರೂ 50 ಲಕ್ಸ್‌ನಷ್ಟು ಮಂದ ಬೆಳಕು, ಕೆಲವು ತಿಂಗಳು, ಆಮೇಲೆ ಮತ್ತೆ ಕತ್ತಲಿನ ಪೆಟ್ಟಿಗೆ. ಆದರೆ ದೊಡ್ಡ ಸಂಗ್ರಹಾಲಯಗಳಲ್ಲಿ ಮುದ್ರಣಚಿತ್ರಗಳಿಗೆ ಅಂತಲೇ ಅಧ್ಯಯನ ಕೋಣೆ ಇರುತ್ತದೆ. ಮೊದಲೇ ಬರೆದು ಸಮಯ ತೆಗೆದುಕೊಂಡರೆ ಮೇಜಿನ ಮೇಲೆ ತಂದು ಇಡುತ್ತಾರೆ, ನಡುವೆ ಗಾಜು ಇರುವುದಿಲ್ಲ. ಎತ್ತರ ಸುಮಾರು 46 ಸೆಂಟಿಮೀಟರ್. ಅಂದರೆ ಆ ತಲೆ ನಿಜವಾದ ತಲೆಗಿಂತ ದೊಡ್ಡದಾಗಿ ಮೇಜಿನ ಮೇಲೆ ಮಲಗಿರುತ್ತದೆ, ನೀನು ಅದರ ಮೇಲೆ ಬಗ್ಗಿರುತ್ತೀಯ. ಪುಸ್ತಕದಲ್ಲಿ ಗೊತ್ತಾಗದ ಒಂದು ವಿಷಯ ಅಲ್ಲಿ ಗೊತ್ತಾಯಿತು. ಕಪ್ಪು ಒಂದೇ ಸಮ ಇಲ್ಲ. ಹತ್ತಿರ ಹೋದರೆ ಕಪ್ಪಿನೊಳಗೆ ಮರದ ಎಳೆ ಸಣ್ಣ ಸಣ್ಣ ಗೀರುಗಳಾಗಿ ಓಡುತ್ತದೆ, ಹಣೆಯ ಮೇಲೆ, ಕೂದಲಲ್ಲಿ. ಅವನು ಕೆತ್ತದೆ ಬಿಟ್ಟ ಜಾಗದಲ್ಲಿ ಮರ ತನ್ನ ಗೆರೆ ತಾನೇ ಹಾಕಿತ್ತು.

ತಮ್ಮ: ನಾಜಿಗಳು ಇಂಥದ್ದನ್ನೆಲ್ಲ ಸುಡಲಿಲ್ಲವಾ?

ಅಕ್ಕ: ಅದೇ ಮಾತಿಗೆ ಬರುತ್ತಿದ್ದೆ. 1937ರಲ್ಲಿ ಜರ್ಮನಿಯ ಸಂಗ್ರಹಾಲಯಗಳಿಂದ ಹೆಕೆಲ್‌ನ ಒಬ್ಬನದೇ 729 ಕೃತಿಗಳನ್ನು ಕಿತ್ತುಕೊಂಡು ಹೋದರು. ಜುಲೈ 19ಕ್ಕೆ ಮ್ಯೂನಿಕ್‌ನಲ್ಲಿ ‘ಹೀನ ಕಲೆ’ ಅಂತ ಪ್ರದರ್ಶನ ಇಟ್ಟರು, ಜನ ಬಂದು ಹೀಯಾಳಿಸಲಿ ಅಂತ. ಮಾರನೇ ವರ್ಷ ಕಿರ್ಶ್ನರ್ ಸ್ವಿಟ್ಜರ್‌ಲ್ಯಾಂಡಿನಲ್ಲಿ ಪ್ರಾಣ ತೆಗೆದುಕೊಂಡ. ಹೆಕೆಲ್ ಬರ್ಲಿನ್‌ನಲ್ಲೇ ಉಳಿದ. 1944ರ ಜನವರಿಯಲ್ಲಿ ಬಾಂಬು ಬಿದ್ದು ಅವನ ಸ್ಟುಡಿಯೋ ಹಾಳಾಯಿತು. ಆ ಡೇರೆ ಬಟ್ಟೆಯ ಮಡೋನಾ ಇತ್ತಲ್ಲ, ಅದು ಎರಡನೇ ಯುದ್ಧದಲ್ಲಿ ನಾಶವಾಯಿತು. ಈಗ ಉಳಿದಿರುವುದು ಅದರ ಫೋಟೋ. ಪೇಂಟಿಂಗ್ ಒಂದೇ ಇರುತ್ತದೆ, ಹೋದರೆ ಹೋಯಿತು. ಈ ಮುಖ ಮಾತ್ರ ಉಳಿಯಿತು, ಯಾಕೆಂದರೆ ಅಷ್ಟು ಹೊತ್ತಿಗೆ ಅದು ಅವನ ಸ್ಟುಡಿಯೋದಲ್ಲಿ ಮಾತ್ರ ಇರಲಿಲ್ಲ. ಯಾರದೋ ಮನೆಯ ಕಪಾಟಿನಲ್ಲಿ, ಯಾವುದೋ ದೇಶದ ಪೆಟ್ಟಿಗೆಯಲ್ಲಿ, ಹರಡಿಕೊಂಡಿತ್ತು. 12 ಮಾರ್ಕಿನ ಕಟ್ಟುಗಳ ಬಗ್ಗೆ ಹೇಳಿದೆನಲ್ಲ, ಆ ಗುಂಪಿನ ಸ್ವಭಾವವೇ ಹಾಗೆ, ಹಂಚುವುದು. ಇದು ಆ ಕಟ್ಟುಗಳಲ್ಲಿ ಹೋದದ್ದಲ್ಲ, ಆದರೆ ಅದೇ ರೂಢಿಯಿಂದ ಬಂದದ್ದು.

ತಮ್ಮ: ನಮ್ಮ ಕಡೆ ಇದೆಲ್ಲ ಯಾವಾಗ ತಲುಪಿತು?

ಅಕ್ಕ: ನೀನು ಅಂದುಕೊಂಡದ್ದಕ್ಕಿಂತ ಬೇಗ. 1922ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಇಂಡಿಯನ್ ಸೊಸೈಟಿ ಆಫ್ ಓರಿಯೆಂಟಲ್ ಆರ್ಟ್‌ನವರು ಒಂದು ಪ್ರದರ್ಶನ ಮಾಡಿದರು. ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಶ್ ಓಡಾಡಿ ಜರ್ಮನಿಯ ಬೌಹೌಸ್ ಕಲಾಶಾಲೆಯಿಂದ ಕೃತಿಗಳನ್ನು ತರಿಸಿದ್ದರು. ಕ್ಲೇ, ಕಾಂಡಿನ್‌ಸ್ಕಿ, ಜೊತೆಗೆ ಫೈನಿಂಗರ್‌ನ ವುಡ್‌ಕಟ್‌ಗಳು. ಪೇಂಟಿಂಗ್‌ಗಳನ್ನು ಹಡಗಿನಲ್ಲಿ ತರುವುದು ಎಂಥ ರಗಳೆ ಯೋಚಿಸು. ಕಾಗದದ ಕೃತಿಗಳು ಅಂದರೆ ಒಂದು ಪೆಟ್ಟಿಗೆ ಸಾಕು. ಎಂಟು ವರ್ಷದ ಮೇಲೆ ಶಾಂತಿನಿಕೇತನದ ನಂದಲಾಲ್ ಬೋಸ್ ದಂಡಿಗೆ ಹೊರಟ ಗಾಂಧಿಯನ್ನು ಲಿನೋದಲ್ಲಿ ಕೆತ್ತಿದರು, ಕಪ್ಪಿನ ಮೇಲೆ ಬಿಳಿ ಗೆರೆಗಳಲ್ಲಿ. ಆ ಪ್ರದರ್ಶನದಿಂದ ಇದು ಹುಟ್ಟಿತು ಅಂತ ನಾನು ಹೇಳುವುದಿಲ್ಲ, ಶಾಂತಿನಿಕೇತನದವರಿಗೆ ಜಪಾನ್, ಚೀನಾ ಕಡೆಯ ನಂಟೂ ಗಟ್ಟಿಯಾಗಿತ್ತು. ಆದರೆ ಕತ್ತಲೆಯಿಂದ ಶುರು ಮಾಡಿ ಒಬ್ಬ ಮನುಷ್ಯನನ್ನು ಬಿಡಿಸಿ ತೆಗೆಯುವ ಕೆಲಸ ಅಲ್ಲಿಯೂ ಅದೇ.

ತಮ್ಮ: ಅಕ್ಕ, ಒಂದು ವಿಷಯದಲ್ಲಿ ನಾನು ಇನ್ನೂ ಒಪ್ಪುವುದಿಲ್ಲ. ಕಲಾವಿದ ಏನೇ ಹೆಸರಿಟ್ಟಿರಲಿ, ಸಂಗ್ರಹಾಲಯದವರು ನೋಡುವವರಿಗೆ ಇದು ಅವನದೇ ಮುಖ ಅಂತ ಹೇಳಬೇಕು. ನನಗೆ ನೀನು ಹೇಳದಿದ್ದರೆ ಆ ಕಣ್ಣು, ಆ ಕೈ, ಯಾವುದೂ ಹೀಗೆ ಕಾಣುತ್ತಿರಲಿಲ್ಲ. ಯಾರೋ ರೋಗಿ ಅಂದುಕೊಂಡು ಪುಟ ತಿರುಗಿಸುತ್ತಿದ್ದೆ.

ಅಕ್ಕ: ಹೇಳಲಿ, ಬೇಡ ಅನ್ನುವುದಿಲ್ಲ. ಆದರೆ ಮೊದಲ ಸಾಲಿನಲ್ಲಿ ಬೇಡ. ಮೊದಲ ಸಾಲು ಅವನು ಇಟ್ಟ ಹೆಸರಿಗೆ ಇರಲಿ. ಯಾರೋ ಒಬ್ಬ ಮನುಷ್ಯ ಅಂತ ನೋಡುವವರು ಸ್ವಲ್ಪ ಹೊತ್ತು ನೋಡಲಿ, ನೀನು ನೋಡಿದ ಹಾಗೆ. ಜ್ವರ ಅಂದೆಯಲ್ಲ, ಅದು ನನ್ನ ಯಾವ ಮಾತಿನ ಸಹಾಯವೂ ಇಲ್ಲದೆ ನಿನಗೆ ಸಿಕ್ಕಿದ್ದು.

ತಮ್ಮ: ಎರಡನೇ ಸಾಲಿನಲ್ಲಾದರೂ ಇರಬೇಕು. ಅದೂ ಸಣ್ಣಕ್ಷರದಲ್ಲಿ ಬೇಡ.

ಅಕ್ಕ: ದೊಡ್ಡಕ್ಷರದಲ್ಲೇ ಹಾಕಲಿ. ಜೊತೆಗೆ ಅವನು ಯುದ್ಧದಲ್ಲಿ ಏನು ಕೆಲಸ ಮಾಡುತ್ತಿದ್ದ ಅನ್ನುವುದನ್ನೂ ಬರೆಯಲಿ. ಬಹಳ ಕಡೆ ‘ಅಭಿವ್ಯಕ್ತಿವಾದಿ ಕಲಾವಿದ’ ಅಂತ ಬರೆದು ಮುಗಿಸಿಬಿಡುತ್ತಾರೆ.